ಓಡೋ ಕಾರಲ್ಲ, ನಿಲ್ಲೋ ಕಾರೇ ಹೀರೋ!

ತೆರೆಯ ಮೇಲೆ ಕಾರು ಹಾರಿದರೆ ಶಿಳ್ಳೆಯೋ ಶಿಳ್ಳೆ! ಅದೇ ಕಾರು ಸರಿಯಾದ ಜಾಗದಲ್ಲಿ ನಿಂತರೆ? ಗಾಂಧಿ ಕ್ಲಾಸಿನಲ್ಲಿ ಒಬ್ಬನೂ ಶಿಳ್ಳೆ ಹೊಡೆಯೋದಿಲ್ಲ. ನೀವೇ ನೆನಪು ಮಾಡಿಕೊಳ್ಳಿ. ಹೀರೋ ಗೇರ್ ಹಾಕುವ ಕೈಯನ್ನು ತೋರಿಸುತ್ತಾರೆ, ಮೇಲೇರುವ ಮೀಟರ್ ಮುಳ್ಳನ್ನು ತೋರಿಸುತ್ತಾರೆ, ಹಿಂದೆ ಏಳುವ ಧೂಳನ್ನೂ ತೋರಿಸುತ್ತಾರೆ. ಬ್ರೇಕನ್ನು ತೋರಿಸೋದು ಮಾತ್ರ ಒಂದೇ ಸಲ, ವಿಲನ್ ಬಂದು ಅದರ ಪೈಪು ಕತ್ತರಿಸಿದಾಗ!

ಜೇಮ್ಸ್ ಬಾಂಡನ ಆಸ್ಟನ್ ಮಾರ್ಟಿನ್ ಡಿಬಿ5 ಯಾರಿಗೆ ಗೊತ್ತಿಲ್ಲ? 1964ರ 'ಗೋಲ್ಡ್‌ಫಿಂಗರ್'ನಲ್ಲಿ ಗುಂಡಿ ಒತ್ತಿದರೆ ಸಾಕು, ಪಕ್ಕದ ಸೀಟಿನವನು ಸೀಟಿನ ಸಮೇತ ಛಾವಣಿಯಿಂದಾಚೆ! ಮಜಾ ಇದೆ, ಇಲ್ಲವೆನ್ನಲಾರೆ. ಆದರೆ ಕಾರಿನ ಹುಚ್ಚು ಇರುವವರು ನೋಡಬೇಕಾದದ್ದು 1968ರ 'ಬುಲಿಟ್'. ಸ್ಯಾನ್‌ಫ್ರಾನ್ಸಿಸ್ಕೋದ ಏರು ತಗ್ಗಿನ ಬೀದಿಗಳಲ್ಲಿ ಸ್ಟೀವ್ ಮೆಕ್ವೀನನ ಹಸಿರು ಮಸ್ಟಾಂಗ್ ಹತ್ತು ನಿಮಿಷ ಬೆನ್ನಟ್ಟಿ ಓಡುತ್ತದೆ. ಆ ಚಿತ್ರದ ಸಂಕಲನಕ್ಕೆ ಆಸ್ಕರ್ ಬಂತು. ಶೂಟಿಂಗಿಗೆ ಮೊದಲು ಮ್ಯಾಕ್ಸ್ ಬಾಲ್ಚೋಸ್ಕಿ ಎಂಬ ರೇಸ್ ಕಾರು ಮೆಕ್ಯಾನಿಕ್ ಆ ಗಾಡಿಯಲ್ಲಿ ಮುಖ್ಯವಾಗಿ ಏನು ಬದಲಿಸಿದ ಗೊತ್ತೇ? ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ರು! ಅವು ಕೂರುವ ಜಾಗಕ್ಕೂ ಬಲ ಕೊಟ್ಟ. ಹಾರಿದ ಕಾರು ನೆಲಕ್ಕೆ ಬಿದ್ದ ಮೇಲೂ ಹಿಡಿತದಲ್ಲಿ ಇರಬೇಕಲ್ಲ!

ಇಷ್ಟು ಪೀಠಿಕೆ ಯಾಕೆ ಅಂದ್ರೆ, ನನ್ನ ಮನೆಯಲ್ಲೂ ಒಂದು ಹಳೇ ಕಾರಿದೆ. ಮಸ್ಟಾಂಗ್ ಅಲ್ಲ ಸ್ವಾಮಿ, ಅಷ್ಟು ಪುಣ್ಯ ಎಲ್ಲಿಂದ ಬರಬೇಕು! 1965ರ ಸ್ಟ್ಯಾಂಡರ್ಡ್ ಹೆರಾಲ್ಡ್. ಎರಡೇ ಬಾಗಿಲು, 948 ಸಿಸಿ ಎಂಜಿನ್. ಬಾನೆಟ್ ಎತ್ತಿದರೆ ಮಡ್ಗಾರ್ಡು, ದೀಪ ಎಲ್ಲಾ ಸೇರಿ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತದೆ, ಮೊಸಳೆ ಬಾಯಿ ತೆರೆದ ಹಾಗೆ!

"ಇದು ಸಂಸಾರಸ್ಥರ ಕಾರು, ಸ್ಪೋರ್ಟ್ಸ್ ಕಾರು ಹೇಗಾದೀತು?" ಅಂತ ನೀವು ಕೇಳಬಹುದು. ಅಲ್ಲೇ ಇದೆ ಸ್ವಾರಸ್ಯ. ಇಟಲಿಯ ಜಿಯೊವಾನಿ ಮಿಕೆಲೊಟ್ಟಿ ರೂಪ ಕೊಟ್ಟ ಟ್ರಯಂಫ್ ಹೆರಾಲ್ಡ್ ಇಂಗ್ಲೆಂಡಿನಲ್ಲಿ ಹೊರಬಂದದ್ದು 1959ರಲ್ಲಿ. ಮದ್ರಾಸಿನಲ್ಲಿ ಅದು ಸ್ಟ್ಯಾಂಡರ್ಡ್ ಹೆರಾಲ್ಡ್ ಆಯಿತು. ಅದೇ ಚಾಸಿಸನ್ನು ಮೊಟಕು ಮಾಡಿ, ಮಿಕೆಲೊಟ್ಟಿಯ ಕೈಯಲ್ಲೇ ಹೊಸ ಮೈ ಮಾಡಿಸಿ, 1962ರಲ್ಲಿ ಅವರು ತಂದ ಕಾರೇ ಟ್ರಯಂಫ್ ಸ್ಪಿಟ್‌ಫೈರ್. ಛಾವಣಿ ಇಲ್ಲದ ಎರಡು ಸೀಟಿನ ಅಪ್ಪಟ ಸ್ಪೋರ್ಟ್ಸ್ ಕಾರು! 1980ರ ತನಕ 3 ಲಕ್ಷಕ್ಕೂ ಹೆಚ್ಚು ತಯಾರಾದವು. ಅಂದರೆ ನಮ್ಮ ಹೆರಾಲ್ಡು ಅದರ ಒಡಹುಟ್ಟಿದ ಅಣ್ಣ. ಅಣ್ಣ ಪಂಚೆ ಉಟ್ಟ, ತಮ್ಮ ಬೆಲ್‌ಬಾಟಮ್ ತೊಟ್ಟ, ಅಷ್ಟೇ ವ್ಯತ್ಯಾಸ! ತಮ್ಮನ ಎಷ್ಟೋ ಸಾಮಾನು ಅಣ್ಣನಿಗೆ ಹಾಗೇ ಕೂರುತ್ತವೆ.

ಈ ಕಾರು ನನ್ನ ಸೋದರಮಾವನದು. ಮಾವ ಮೈಸೂರು ಕಡೆಯ ಊರುಗಳಿಗೆ ಚಿತ್ರ ಹಂಚುತ್ತಿದ್ದವರು. ರೀಲಿನ ಡಬ್ಬಿಗಳನ್ನು ಡಿಕ್ಕಿಗೆ ತುಂಬಿ ಟೂರಿಂಗ್ ಟಾಕೀಸಿನಿಂದ ಟೂರಿಂಗ್ ಟಾಕೀಸಿಗೆ ಓಡಿದ ಗಾಡಿ ಇದು. ಹುಡುಗನಾಗಿದ್ದಾಗ ಹಿಂದಿನ ಸೀಟಿನಲ್ಲಿ ಡಬ್ಬಿಗಳ ಜೊತೆ ನಾನೂ ಒಂದು ಡಬ್ಬಿ! ಆ ಕಾಲ ಹೋಯಿತು, ಟೆಂಟುಗಳೂ ಹೋದವು. ಹದಿನೈದು ವರ್ಷ ಶೆಡ್ಡಿನಲ್ಲಿ ಮಲಗಿದ್ದ ಕಾರಿನ ಬೀಗದ ಕೈಯನ್ನು ಮಾವ ಕರೆದು ನನ್ನ ಕೈಗಿಟ್ಟರು.

"ಅಳಿಯಾ, ಮಾರಬೇಡ. ಶೋಕಿ ಮಾಡ್ತೀಯಾ, ಮಾಡು, ಬೇಡ ಅನ್ನಲ್ಲ. ಆದ್ರೆ ನಾನು ಬದುಕಿರೋವಾಗ ಈ ಕಾರಿನಿಂದ ಒಂದು ಮನೇಲಿ ಅಳು ಕೇಳಿಸಬಾರದು" ಅಂದರು.

ಮಾವನ ಮಾತಿಗೆ ಕಾರಣವಿತ್ತು. 1990ರ ಸೆಪ್ಟೆಂಬರ್ 30 ಅವರಿಗೆ ಇವತ್ತಿಗೂ ನಿನ್ನೆಯಂತೆ. ದಾವಣಗೆರೆಯ ಹತ್ತಿರ ಆನಗೋಡಿನಲ್ಲಿ ಕಾರು ಅಪಘಾತವಾಗಿ ಶಂಕರ್‌ನಾಗ್ ಹೋದ ದಿನ. ವಯಸ್ಸು ಕೇವಲ 35! ಕುಡಿದ ಶ್ರೀಮಂತರ ಹುಡುಗನ ಕಾರು ಫುಟ್‌ಪಾತಿನ ಬಡವರ ಮೇಲೆ ಹರಿಯುವ 'ಆಕ್ಸಿಡೆಂಟ್' ಚಿತ್ರವನ್ನು 1985ರಲ್ಲಿ ಮಾಡಿದ ಮನುಷ್ಯ ರಸ್ತೆಯಲ್ಲೇ ಹೋಗಿಬಿಟ್ಟ. "ಅವತ್ತಿಂದ ತೆರೆ ಮೇಲೆ ಕಾರು ಪಲ್ಟಿ ಹೊಡೆದ್ರೆ ನಂಗೆ ಖುಷಿ ಆಗಲ್ಲ ಕಣೋ" ಅನ್ನುತ್ತಾರೆ ಮಾವ.

ಕಾರು ಮನೆಗೆ ಬಂತೋ ಇಲ್ಲವೋ, ಅಣ್ಣನ ಮಗ ಹಾಜರ್! ಇಪ್ಪತ್ತೆರಡರ ಪ್ರಾಯ. ಕೈಯಲ್ಲೊಂದು ಪಟ್ಟಿ. "ಚಿಕ್ಕಪ್ಪಾ, ಎರಡು ಕಾರ್ಬುರೇಟರ್ ಹಾಕಿಸೋಣ. ಗುಡುಗೋ ಸೈಲೆನ್ಸರ್. ಅಗಲದ ವ್ಹೀಲು. ಆಗದಿದ್ರೆ ಇಡೀ ಎಂಜಿನ್ನೇ ಬದಲಾಯಿಸಿಬಿಡೋಣ!" ನನ್ನ ಹತ್ತಿರ ಕೂಡಿಟ್ಟಿದ್ದು ಎರಡು ಲಕ್ಷ. ಅದು ಮುಗಿದರೆ ಮತ್ತೆ ಹುಟ್ಟೋ ಹಣವಲ್ಲ. ಕಾರು ಓಡಿಸುವವನೂ ನಾಳೆ ಅವನೇ. ಪಟ್ಟಿಯನ್ನು ಹಿಡಿದು ಇಬ್ಬರೂ ಮೇಸ್ತ್ರಿಯ ಗ್ಯಾರೇಜಿಗೆ ಹೋದೆವು.

ಮೇಸ್ತ್ರಿ ಪಟ್ಟಿ ನೋಡಲೇ ಇಲ್ಲ! ಜಾಕ್ ಕೊಟ್ಟು ಮುಂದಿನ ಚಕ್ರ ಎತ್ತಿ, ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಈ ಕಾರಿನ ಮುಂದಿನ ಚಕ್ರ ತಿರುಗುವುದು ಟ್ರನಿಯನ್ ಎಂಬ ಮರೆಯ ಮೇಲೆ. ಬೋಲ್ಟು ನಟ್ಟಿನ ಹಾಗೆ ಉಕ್ಕಿನ ಕಂಬಕ್ಕೆ ಮರೆ ಇರುತ್ತದೆ. ಅದಕ್ಕೆ ಹಾಕಬೇಕಾದ್ದು ಗ್ರೀಸ್ ಅಲ್ಲ, ಗೇರ್ ಆಯಿಲ್. ಎಣ್ಣೆ ಕಾಣದೆ ತುಕ್ಕು ಹಿಡಿದರೆ ಒಂದು ದಿನ ಕಂಬ ಮುರಿದು ಚಕ್ರವೇ ಮಡಚಿಕೊಳ್ಳುತ್ತದೆ. "ಓಡಿಸೋಕೆ ಎಲ್ರೂ ಬರ್ತಾರೆ ಸಾರ್. ನಿಲ್ಲಿಸ್ಕೊಡಿ ಅಂತ ಯಾರೂ ಬರಲ್ಲ" ಅಂದರು ಮೇಸ್ತ್ರಿ. ಹುಡುಗನ ಮುಖ ಸಪ್ಪೆಯಾಯಿತು.

ಮೊದಲ ಖರ್ಚು ಟ್ರನಿಯನ್ನಿಗೆ. ಎರಡನೆಯದು ಬ್ರೇಕಿಗೆ.

ನಮ್ಮ ಗಾಡಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕು. ಊರೊಳಗೆ ಸಾಕು. ಆದರೆ ಬೆಟ್ಟ ಇಳಿಯುವಾಗ ಒತ್ತುತ್ತಲೇ ಇದ್ದರೆ ಡ್ರಮ್ಮು ಕಾದು ಹಿಗ್ಗಿ ಶೂ ಪಟ್ಟಿಯಿಂದ ದೂರ ಸರಿಯುತ್ತದೆ. ಪಟ್ಟಿಯೂ ಕಾದು ಹಿಡಿತ ಬಿಡುತ್ತದೆ. ಪೆಡಲು ಒತ್ತಿದಷ್ಟೂ ಕೆಳಗೆ! ಡಿಸ್ಕು ಹಾಗಲ್ಲ. ಗಾಳಿಗೆ ತೆರೆದಿರುತ್ತದೆ, ಬೇಗ ಆರುತ್ತದೆ, ಕಾದು ಹಿಗ್ಗಿದರೂ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ತಮ್ಮ ಸ್ಪಿಟ್‌ಫೈರಿಗೆ ಹುಟ್ಟಿದಾಗಿನಿಂದಲೂ ಮುಂದೆ ಡಿಸ್ಕೇ. ಆ ಸಾಮಾನು ಇಂದಿಗೂ ಇಂಗ್ಲೆಂಡಿನಲ್ಲಿ ಸಿಗುತ್ತದೆ. ತರಿಸಿ ಕೂರಿಸಿದೆವು. ಅದಕ್ಕೆ ಹೊಂದುವ ಅಳತೆಯ ಮಾಸ್ಟರ್ ಸಿಲಿಂಡರ್, ಹೊಸ ಪೈಪು, ಹೊಸ ರಬ್ಬರ್ ಹೋಸು. ಇಂಥ ಹಳೇ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಸೇರಿ ಬ್ರೇಕಿನ ದಾರಿ ಒಂದೇ. ಒಂದು ಕಡೆ ಸೋರಿದರೆ ನಾಲ್ಕೂ ಕಡೆ ಗೋತಾ! ಆಗ ವಿಲನ್ ಬರುವುದೇ ಬೇಡ.

ಮೂರನೆಯದು ಹಿಂದಿನ ಚಕ್ರಗಳ ಕಥೆ. ಹೆರಾಲ್ಡಿನ ಹಿಂದಿನ ಆಕ್ಸಲ್ ಒಂದೇ ದೂಲವಲ್ಲ. ಎರಡು ತುಂಡು, ಹಕ್ಕಿಯ ರೆಕ್ಕೆಯ ಹಾಗೆ ಮೇಲೆ ಕೆಳಗೆ ಆಡುತ್ತವೆ. ಜೋರಾಗಿ ತಿರುವಿಗೆ ನುಗ್ಗಿ ನಡುವೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಮೇಲೇಳುತ್ತದೆ, ಹೊರಗಿನ ಚಕ್ರ ಒಳಕ್ಕೆ ಮಡಚುತ್ತದೆ, ಟೈರು ಅಂಚಿನ ಮೇಲೆ ನಿಲ್ಲುತ್ತದೆ. ಆಮೇಲೆ ಕಾರು ತಿರುಗುವ ದಿಕ್ಕು ದೇವರಿಗೇ ಪ್ರೀತಿ! ಇದು ತಯಾರಿಸಿದವರಿಗೂ ತಿಳಿದಿತ್ತು. ಮದ್ರಾಸಿನವರು 1972ರ ಗೆಜೆಲ್ ಕಾರಿಗೆ ಒಂದೇ ದೂಲದ ಆಕ್ಸಲ್ ಹಾಕಿದರು. ಇಂಗ್ಲೆಂಡಿನವರು 1970ರ ಸ್ಪಿಟ್‌ಫೈರಿನಲ್ಲಿ ಹಿಂದಿನ ಅಡ್ಡ ಸ್ಪ್ರಿಂಗು ನಡುವೆ ತೂಗಾಡುವಂತೆ ಮಾಡಿ, ಮುಂದೆ ದಪ್ಪ ಆಂಟಿರೋಲ್ ಬಾರ್ ಇಟ್ಟರು. ನಾವೂ ಆ ಜೋಡಿಯನ್ನೇ ತರಿಸಿದೆವು. ಜೊತೆಗೆ ಹೊಸ ಶಾಕ್ ಅಬ್ಸಾರ್ಬರು, 13 ಇಂಚಿನ ರೇಡಿಯಲ್ ಟೈರು, ಮುಂದಿನ ಇಬ್ಬರಿಗೂ ಸೀಟ್ ಬೆಲ್ಟು.

ಉಳಿದದ್ದು ಚಿಲ್ಲರೆ ಕೆಲಸ. ಡೈನಮೋ ತೆಗೆದು ಆಲ್ಟರ್ನೇಟರ್ ಇಟ್ಟ ಮೇಲೆ, ಎಂಜಿನ್ ನಿಧಾನಕ್ಕೆ ತಿರುಗುವಾಗಲೂ ದೀಪ ಮಂಕಾಗುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಹಳೇ ರಬ್ಬರ್ ಪೈಪು ತಡೆಯುವುದಿಲ್ಲ, ಅದನ್ನೂ ಬದಲಿಸಿದೆವು.

ಎಂಜಿನ್? ಮುಟ್ಟಲಿಲ್ಲ! ದುಡ್ಡೂ ಮುಗಿದಿತ್ತು, ಕಾನೂನೂ ಇದೆ. ಆರ್.ಸಿ. ಪುಸ್ತಕದಲ್ಲಿ ಬರೆದದ್ದಕ್ಕೂ ಗಾಡಿಗೂ ತಾಳೆಯಾಗದಂತೆ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಒತ್ತಿ ಹೇಳಿತು. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿ ಬಂತು. ಅದು ಬೇಕಾದರೆ ಚಾಸಿಸ್, ಮೈ, ಎಂಜಿನ್ ಮೂಲದ್ದೇ ಇರಬೇಕು. ಹಾಗಾಗಿ ಕೈ ಹಚ್ಚುವ ಮುಂಚೆಯೇ ಆರ್.ಟಿ.ಓ. ಕಚೇರಿಯಲ್ಲಿ ಕೇಳಿಕೊಂಡು ಬಂದಿದ್ದೆವು. ನೀವೂ ಹಾಗೇ ಮಾಡಿ.

ಒಂದು ಭಾನುವಾರ ಬೆಳಿಗ್ಗೆ ಮಾವನನ್ನು ಮುಂದೆ ಕೂರಿಸಿಕೊಂಡು ಹುಡುಗ ಚಾಮುಂಡಿ ಬೆಟ್ಟ ಹತ್ತಿಸಿದ. ನಾನು ಹಿಂದೆ, ನನ್ನ ಹಳೇ ಜಾಗದಲ್ಲಿ. ಹತ್ತುವಾಗ ಸ್ಕೂಟರುಗಳೆಲ್ಲಾ ನಮ್ಮನ್ನು ದಾಟಿ ಹೋದವು! ಇಳಿಯುವಾಗ ನೋಡಿ ಗಮ್ಮತ್ತು. ತಿರುವಿಗೆ ಮೊದಲೇ ಬ್ರೇಕ್, ಆಮೇಲೆ ಸ್ಟಿಯರಿಂಗ್. ಕಾರು ಹಳಿ ಮೇಲಿನ ರೈಲಿನ ಹಾಗೆ ತಿರುಗಿತು. ಮಾವ ಬಲಗಾಲು ಒತ್ತುವುದನ್ನು ನಾಲ್ಕನೇ ತಿರುವಿಗೆ ಬಿಟ್ಟರು. ಆರನೇ ತಿರುವಿಗೆ ನಿದ್ದೆ ಹೋದರು!

ಕೆಳಗಿಳಿದ ಮೇಲೆ ಹುಡುಗ ಮೆಲ್ಲಗೆ, "ಚಿಕ್ಕಪ್ಪಾ, ಮುಂದಿನ ವರ್ಷ ಸೈಲೆನ್ಸರ್?" ಅಂದ. "ಮುಂದಿನ ವರ್ಷ ಬಣ್ಣ" ಅಂದೆ.

ಗೆಳೆಯರೇ, ನಿಮ್ಮ ಹತ್ತಿರ ಇರೋದು ಹೆರಾಲ್ಡೋ ಫಿಯೆಟ್ಟೋ, ಅಪ್ಪನ ಹಳೇ ಯೆಜ್ಡಿಯೋ ಇರಬಹುದು. ಶೋಕಿ ಮಾಡಿ, ಪ್ರಾಯದಲ್ಲಿ ಮಾಡದೆ ಇನ್ಯಾವಾಗ? ಆದರೆ ಜೇಬಿನ ಮೊದಲ ರೂಪಾಯಿ ಬ್ರೇಕಿಗೆ, ಎರಡನೆಯದು ಟೈರಿಗೆ, ಮೂರನೆಯದು ಸ್ಪ್ರಿಂಗಿಗೆ. ಅದು ಮಿಕ್ಕಿದರೆ ವೇಗಕ್ಕೆ. ತೆರೆಯ ಮೇಲೆ ಟೇಕ್ ಕೆಟ್ಟರೆ ಇನ್ನೊಂದು ಟೇಕ್ ಇರುತ್ತದೆ ಕಣ್ರೀ. ಮೈಸೂರು ರಸ್ತೆಯಲ್ಲಿ ಇರೋದು ಒಂದೇ ಟೇಕ್!