ರಾಕ್ಷಸನಿಗೆ ಎಷ್ಟು ಬಲ ಕೊಡಬೇಕು?



ಚೌಕಾಬಾರ, ಕುಂಟೆಬಿಲ್ಲೆ, ಲಗೋರಿ ಎಲ್ಲರಿಗೂ ಗೊತ್ತು. ನಾನು ಈ ಸಲ ನಮ್ಮೂರಲ್ಲಿ ಯಾರೂ ಆಡದ ಒಂದು ಆಟದ ಬಗ್ಗೆ ಬರೆಯುತ್ತೇನೆ. ಈ ಆಟಕ್ಕೆ ಮೈದಾನ ಬೇಡ. ಓಡುವುದೂ ಬೇಡ. ಮಾತಾಡಲು ಬಾಯಿ, ಕೇಳಲು ಕಿವಿ, ಒಂದು ದಾಳ, ಲೆಕ್ಕ ಬರೆಯಲು ಒಂದು ಹಾಳೆ ಇದ್ದರೆ ಸಾಕು. ಇದರ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಇದನ್ನು ಮಾಡಿದರು. ಮೊದಲ ಸಲ ಅಚ್ಚಾಗಿದ್ದು 1974ರಲ್ಲಿ. ಬೆಂಗಳೂರಿನಲ್ಲಿ ಓದುವ ನಮ್ಮ ದೊಡ್ಡಪ್ಪನ ಮಗ ಅಣ್ಣ ಬೇಸಿಗೆ ರಜೆಗೆ ಬಂದಾಗ ನಮಗೆ ಕಲಿಸಿದ.

ಆಡುವ ಕ್ರಮ ಹೀಗಿದೆ. ಒಬ್ಬೊಬ್ಬರು ಒಬ್ಬೊಬ್ಬ ವೀರ ಆಗಬೇಕು. ಒಬ್ಬ ಕತ್ತಿ ಹಿಡಿದವನು, ಒಬ್ಬಳು ಬಿಲ್ಲು ಹಿಡಿದವಳು, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ. ಪ್ರತಿ ವೀರನಿಗೂ ಇಷ್ಟು ಪ್ರಾಣ ಅಂತ ಅಂಕ ಇರುತ್ತದೆ. ಪೆಟ್ಟು ಬಿದ್ದಾಗೆಲ್ಲ ಅಂಕ ಕಳೆಯಬೇಕು. ಇನ್ನೊಬ್ಬರು ಕಥೆ ಹೇಳಬೇಕು. ಅವರನ್ನು ನಾವು ನಾಟಕದಲ್ಲಿ ಇರುವ ಹಾಗೆ ಸೂತ್ರಧಾರ ಅಂತ ಕರೆದೆವು. ಸೂತ್ರಧಾರ "ಮುಂದೆ ಹಳೇ ಬಾಗಿಲು ಇದೆ, ಒಳಗೆ ಯಾರೋ ಉಸಿರಾಡೋ ಸದ್ದು, ಏನು ಮಾಡ್ತೀರಿ?" ಅಂತ ಕೇಳ್ತಾನೆ. ನಾವು ಏನು ಬೇಕಾದರೂ ಹೇಳಬಹುದು. ಆಗುತ್ತೋ ಇಲ್ಲವೋ ಅನ್ನುವ ಅನುಮಾನ ಬಂದರೆ 20 ಮುಖದ ದಾಳ ಹಾಕಬೇಕು. ಬಾಗಿಲ ಹಿಂದೆ ಇರುವ ರಾಕ್ಷಸನ ಪಾತ್ರವೂ ಸೂತ್ರಧಾರನದೇ. ಆದರೆ ಅವನು ನಮ್ಮ ಶತ್ರು ಅಲ್ಲ. ಅವನಿಗೆ ಇರುವ ದೊಡ್ಡ ಕಷ್ಟ ಏನೆಂದರೆ, ರಾಕ್ಷಸನಿಗೆ ಎಷ್ಟು ಬಲ ಕೊಡಬೇಕು ಅನ್ನುವುದು.

ಮೊದಲನೇ ದಿನ ನನ್ನ ಚಿಕ್ಕಪ್ಪನ ಮಗಳು, ಪಕ್ಕದ ಮನೆ ಹುಡುಗ, ನಾನು, ಮೂರನೇ ತರಗತಿ ಓದುವ ನನ್ನ ತಮ್ಮ ಆಟಕ್ಕೆ ಕೂತೆವು. "ಬೆಂಕಿ ಉಗುಳೋ ಡ್ರ್ಯಾಗನ್ನೇ ಬೇಕು" ಅಂತ ಎಲ್ಲರೂ ಹಟ ಹಿಡಿದರು. ಅಣ್ಣ ಬೇಡ ಅಂದ, ನಾವು ಕೇಳಲಿಲ್ಲ. 2014ರ ಪುಸ್ತಕದ ಪ್ರಕಾರ ಬೆಳೆದ ಕೆಂಪು ಡ್ರ್ಯಾಗನ್‌ಗೆ 256 ಪ್ರಾಣ. ಅದು ಬೆಂಕಿ ಉಗುಳಿದರೆ 6 ಮುಖದ ದಾಳ 18 ಸಲ ಹಾಕಿ ಕೂಡಬೇಕು. ಸರಾಸರಿ 63 ಪೆಟ್ಟು. ಹೊಸ ವೀರರಾದ ನಮ್ಮಲ್ಲಿ ಗಟ್ಟಿಯಾದವನಿಗೇ 12 ಪ್ರಾಣ! ತಪ್ಪಿಸಿಕೊಂಡವರಿಗೆ ಅರ್ಧ ಪೆಟ್ಟು ಅಂತೆ. ಅರ್ಧ ಬಿದ್ದರೂ ಸಾವೇ. ಎರಡು ನಿಮಿಷದಲ್ಲಿ ಆಟ ಮುಗಿಯಿತು. ಅಜ್ಜಿ ಆಗಷ್ಟೇ ಒಲೆ ಮೇಲೆ ಕಡಲೆಕಾಯಿ ಬೇಯಲು ಇಟ್ಟಿದ್ದರು, ಅದಿನ್ನೂ ಬಿಸಿ ಕೂಡ ಆಗಿರಲಿಲ್ಲ.

ಎರಡನೇ ದಿನ ಅಣ್ಣ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರನ್ನು ತಂದ. ಎರಡೇ ಎರಡು. ಒಂದೊಂದಕ್ಕೆ 7 ಪ್ರಾಣ. ಅವು ತಮ್ಮನ ಮೇಲೆ ಬಿದ್ದಾಗೆಲ್ಲ ಅಣ್ಣ ಪುಸ್ತಕದ ಮರೆಯಲ್ಲಿ ದಾಳ ಹಾಕಿ "ತಪ್ಪಿತು" ಅನ್ನುತ್ತಿದ್ದ. ಮೂರನೇ ಸಲ ತಮ್ಮ ಎದ್ದು ಬಗ್ಗಿ ನೋಡಿದ. ದಾಳದಲ್ಲಿ 18 ಬಿದ್ದಿತ್ತು. 18 ಬಿದ್ದರೆ ಪೆಟ್ಟು ಬೀಳಲೇಬೇಕು.

ಇಲ್ಲಿ ತಮ್ಮನ ವಿಷಯ ಸ್ವಲ್ಪ ಹೇಳಬೇಕು. ಅವನು ಎಲ್ಲರಿಗಿಂತ ಚಿಕ್ಕವನು, ಸಣಕಲ. ಕಬಡ್ಡಿಯಲ್ಲಿ, ಕ್ರಿಕೆಟ್‌ನಲ್ಲಿ ಅವನನ್ನು ಯಾವ ಕಡೆಯವರೂ ಮೊದಲು ಕರೆಯುವುದಿಲ್ಲ. ಕೊನೆಗೆ "ಇವನು ಆಟಕ್ಕುಂಟು ಲೆಕ್ಕಕ್ಕಿಲ್ಲ" ಅಂತ ಸೇರಿಸಿಕೊಳ್ಳುತ್ತಾರೆ. ಅವನು ಔಟಾದರೂ ಔಟಲ್ಲ, ಓಡಿದರೂ ರನ್ನಲ್ಲ. ದೊಡ್ಡವರು ಅದನ್ನು ಪ್ರೀತಿ ಅಂದುಕೊಳ್ಳುತ್ತಾರೆ. ಅವನು ಆ ದಿನ ಅಣ್ಣನ ಮುಖ ನೋಡಿ, "ಈ ಆಟದಲ್ಲೂ ನಾನು ಲೆಕ್ಕಕ್ಕಿಲ್ವಾ?" ಅಂತ ಕೇಳಿದ. ಆಮೇಲೆ ಕೊಟ್ಟಿಗೆಗೆ ಹೋಗಿ ಎಮ್ಮೆ ಹತ್ತಿರ ನಿಂತುಕೊಂಡ. ಕಡಲೆಕಾಯಿ ಕೊಟ್ಟರೂ ಬರಲಿಲ್ಲ.

ರಾತ್ರಿ ಅಣ್ಣ ನನಗೆ ರಾಕ್ಷಸರ ಬಲದ ಲೆಕ್ಕ ಹೇಳಿಕೊಟ್ಟ. ಪುಸ್ತಕದಲ್ಲಿ ಪ್ರತಿ ರಾಕ್ಷಸನಿಗೂ ಒಂದು ಸವಾಲಿನ ಅಂಕ ಇರುತ್ತದೆ. ಗಾಬ್ಲಿನ್‌ಗೆ ಕಾಲು, ಟ್ರೋಲ್ ಎಂಬುದಕ್ಕೆ 5, ಕೆಂಪು ಡ್ರ್ಯಾಗನ್‌ಗೆ 17, ಎಲ್ಲಕ್ಕಿಂತ ದೊಡ್ಡದಾದ ಟೆರಾಸ್ಕ್‌ಗೆ 30. ಅಂಕ 5 ಅಂದರೆ, ಐದನೇ ಮಟ್ಟಕ್ಕೆ ಬೆಳೆದ ನಾಲ್ಕು ವೀರರು ಯಾರೂ ಸಾಯದೆ ಅದನ್ನು ಗೆಲ್ಲಬಹುದು ಅಂತ ಅರ್ಥ. "ಆದರೆ ಅಂಕ ಒಂದನ್ನೇ ನಂಬಬಾರದು, ಸರದಿ ಎಣಿಸಬೇಕು" ಅಂದ ಅಣ್ಣ. ನಾಲ್ಕು ವೀರರಿಗೆ ಒಂದು ಸುತ್ತಿನಲ್ಲಿ ನಾಲ್ಕು ಸರದಿ. ಒಬ್ಬನೇ ರಾಕ್ಷಸನಿಗೆ ಒಂದೇ ಸರದಿ. ಅವನು ಎಷ್ಟೇ ದೊಡ್ಡವನಾದರೂ ಒಂದು ಏಟು ಕೊಡುವಷ್ಟರಲ್ಲಿ ನಾಲ್ಕು ತಿನ್ನುತ್ತಾನೆ.

ನನಗೆ ಇದು ಕೂಡಲೇ ಅರ್ಥವಾಯಿತು, ಯಾಕೆಂದರೆ ನಾವು ಜಗಲಿ ಮೇಲೆ ಹುಲಿ ಕುರಿ ಆಟ ಆಡುತ್ತೇವೆ. 3 ಹುಲಿ, 15 ಕುರಿ. ಹುಲಿ ಕುರಿಯ ಮೇಲೆ ಹಾರಿ ತಿನ್ನುತ್ತದೆ, ಕುರಿ ಹುಲಿಯನ್ನು ತಿನ್ನುವ ಹಾಗಿಲ್ಲ. ಆದರೂ ಕುರಿಗಳು ಒತ್ತಾಗಿ ನಿಂತರೆ ಹುಲಿಗೆ ಕಾಲಿಡಲು ಜಾಗವಿಲ್ಲದೆ ಸೋಲುತ್ತದೆ. ಹುಲಿ ಒಂದೇ ಇದ್ದರೆ ಆಟ ರುಚಿ ಇರಲ್ಲ, ಹತ್ತಿದ್ದರೆ ಕುರಿ ಉಳಿಯಲ್ಲ. ಯಾರೋ ಹಿರಿಯರು ಆಡಿ ಆಡಿ ನೋಡಿ ಮೂರು ಅಂತ ಇಟ್ಟಿರಬೇಕು.

ಅಮೆರಿಕದ ಆಟದಲ್ಲಿ ದೊಡ್ಡ ಡ್ರ್ಯಾಗನ್‌ಗಳಿಗೆ ಇದಕ್ಕೆ ಒಂದು ಉಪಾಯ ಮಾಡಿದ್ದಾರೆ. ತನ್ನ ಸರದಿ ಅಲ್ಲದೆ, ಬೇರೆಯವರ ಸರದಿ ಮುಗಿದ ಕೂಡಲೇ ಅದು ಬಾಲ ಬೀಸಬಹುದು, ರೆಕ್ಕೆ ಬಡಿಯಬಹುದು. ಹೀಗೆ ಒಂದು ಸುತ್ತಿಗೆ ಮೂರು ಹೆಚ್ಚಿನ ಅವಕಾಶ. ಹಾಗಂತ ಬೆಂಕಿಯನ್ನು ಪ್ರತಿ ಸಲ ಉಗುಳುವ ಹಾಗಿಲ್ಲ. ಒಂದು ಸಲ ಉಗುಳಿದ ಮೇಲೆ ದಾಳದಲ್ಲಿ 5 ಅಥವಾ 6 ಬಿದ್ದರೆ ಮಾತ್ರ ಮತ್ತೆ ಉಗುಳಬಹುದು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಾರೆ.

ಇನ್ನೊಂದು ತಮಾಷೆ ವಿಷಯ. ಆ ಪುಸ್ತಕದಲ್ಲಿ ರಾಕ್ಷಸ ಎಂಬ ಹೆಸರಿನದೇ ಒಂದು ಇದೆ, ನಮ್ಮ ದೇಶದಿಂದಲೇ ತೆಗೆದುಕೊಂಡಿದ್ದು. 1977ರ ಪುಸ್ತಕದಲ್ಲೇ ಇತ್ತಂತೆ. ಚಿತ್ರದಲ್ಲಿ ಅದಕ್ಕೆ ಹುಲಿ ಮುಖ, ಅಂಗೈ ಹಿಂದುಮುಂದು! ನಮ್ಮೂರ ನಾಟಕದ ರಾಕ್ಷಸರಿಗೆ ಮೀಸೆ ಇರುತ್ತದೆ, ಹುಲಿ ಮುಖ ಇರುವುದಿಲ್ಲ. ಸಣ್ಣಪುಟ್ಟ ಮಂತ್ರ ಅದಕ್ಕೆ ತಾಗುವುದೇ ಇಲ್ಲ. ಆದರೆ ಒಳ್ಳೆಯವರು ಮಂತ್ರದ ಆಯುಧದಿಂದ ಚುಚ್ಚಿದರೆ ಎರಡರಷ್ಟು ಪೆಟ್ಟು. ಟ್ರೋಲ್ ಕೂಡ ಹಾಗೇ. ಪ್ರತಿ ಸರದಿಗೆ 10 ಪ್ರಾಣ ತಾನಾಗಿಯೇ ಬೆಳೆಯುತ್ತದೆ. ಬೆಂಕಿ ಇಲ್ಲವೇ ಆಸಿಡ್ ತಾಗಿಸಿದರೆ ಅದರ ಮುಂದಿನ ಸರದಿಯಲ್ಲಿ ಬೆಳೆಯಲ್ಲ.

ಅಜ್ಜಿಗೆ ಇದನ್ನು ಹೇಳಿದಾಗ ಅವರು, "ಇದೇನು ಹೊಸದಾ? ಹಿರಣ್ಯಕಶಿಪುಗೆ ಏನಾಗಿತ್ತು?" ಅಂದರು. ನಿಜ. ಅವನು ಮನುಷ್ಯನಿಂದ ಬೇಡ ಮೃಗದಿಂದ ಬೇಡ, ಹಗಲು ಬೇಡ ರಾತ್ರಿ ಬೇಡ, ಒಳಗೆ ಬೇಡ ಹೊರಗೆ ಬೇಡ ಅಂತ ಎಲ್ಲಾ ಬಾಗಿಲು ಮುಚ್ಚಿಕೊಂಡಿದ್ದ. ಸಂಜೆ ಹೊತ್ತು ಹೊಸ್ತಿಲ ಮೇಲೆ ನರಸಿಂಹ ಬಂದ. ರಾವಣ ಮನುಷ್ಯರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ವರ ಕೇಳಿದ. ರಾಕ್ಷಸನಿಗೆ ಎಷ್ಟು ಬಲ ಕೊಟ್ಟರೂ ಒಂದು ಸಂದು ಬಿಟ್ಟಿರುತ್ತಾರೆ. ಆ ಸಂದನ್ನು ಹುಡುಕುವುದೇ ಕಥೆ.

ಅಣ್ಣ ದಾಳ ತೆಗೆದುಕೊಂಡು ಬೆಂಗಳೂರಿಗೆ ಹೋದ. ನಾನು ಸೂತ್ರಧಾರಳಾದೆ. ನನ್ನ ಜಾಗಕ್ಕೆ ನನ್ನ ಗೆಳತಿ ಬಂದಳು. 20 ಮುಖದ ದಾಳಕ್ಕೆ ಬದಲು 1ರಿಂದ 20ರವರೆಗೆ ಚೀಟಿ ಬರೆದು ಉಪ್ಪಿನಕಾಯಿ ಡಬ್ಬಿಗೆ ಹಾಕಿದೆವು. ತೆಗೆದ ಚೀಟಿಯನ್ನು ಮತ್ತೆ ಹಾಕಿ ಕುಲುಕಲೇಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ತಮ್ಮ ಒಂದೇ ಷರತ್ತು ಹಾಕಿದ. "ಚೀಟಿ ಎಲ್ಲರ ಮುಂದೆ ತೆಗೀಬೇಕು ಅಕ್ಕ. ನನ್ನ ಬಿಟ್ಟು ಗೆಲ್ಲಿಸಬೇಡ."

ನಾನು ಕೆರೆ ರಾಕ್ಷಸ ಅಂತ ಒಬ್ಬನನ್ನು ಮಾಡಿದೆ. ಗಣಿತದ ಸರಾಸರಿ ಪಾಠ ಇಲ್ಲಿ ಕೆಲಸಕ್ಕೆ ಬಂತು. ವೀರರಿಗೆ ತಲಾ 10 ಪ್ರಾಣ, ಒಟ್ಟು 40. 10 ಅಥವಾ ಹೆಚ್ಚಿನ ಚೀಟಿ ಬಂದರೆ ಪೆಟ್ಟು, ಅಂದರೆ 20ರಲ್ಲಿ 11 ಸಲ. ಪೆಟ್ಟು ಲೂಡೋ ದಾಳದಷ್ಟು, ಸರಾಸರಿ 3.5. ನಾಲ್ಕು ಜನರಿಗೆ 14, ಅದರಲ್ಲಿ 20ಕ್ಕೆ 11 ಭಾಗ ಅಂದರೆ ಸುತ್ತಿಗೆ 7.7. ರಾಕ್ಷಸನಿಗೆ 30 ಪ್ರಾಣ ಕೊಟ್ಟರೆ ನಾಲ್ಕು ಸುತ್ತು ಇರುತ್ತಾನೆ. ಅವನು ಸುತ್ತಿಗೆ ಎರಡು ಏಟು ಕೊಡಲಿ, ದಾಳಕ್ಕೆ 2 ಕೂಡಿಸಿ. ಆಗ ಸುಮಾರು 6. ನಾಲ್ಕು ಸುತ್ತಿಗೆ 24. 40ರಲ್ಲಿ 24 ಹೋದರೆ ಎಲ್ಲರಿಗೂ ಭಯ ಆಗುತ್ತೆ, ಎಲ್ಲರೂ ಸಾಯಲ್ಲ.

ಆಮೇಲೆ ಒಂದು ಗುಟ್ಟು ಸೇರಿಸಿದೆ. ನೀರಿನಲ್ಲಿ ನಿಂತರೆ ಅವನಿಗೆ ಸುತ್ತಿಗೆ 5 ಪ್ರಾಣ ವಾಪಸ್. ಆಗ 7.7ರಲ್ಲಿ ಉಳಿಯುವುದು 2.7 ಮಾತ್ರ. ಅವನನ್ನು ಕೊಲ್ಲಲು 11 ಸುತ್ತು ಬೇಕು, ಅಷ್ಟರಲ್ಲಿ 66 ಪೆಟ್ಟು ಬಿದ್ದು ನಾಲ್ವರೂ ಸತ್ತಿರುತ್ತಾರೆ. ಅಂದರೆ ನೀರಿನಲ್ಲಿ ಗೆಲ್ಲಲು ಆಗಲ್ಲ, ಏರಿ ಮೇಲೆ ಗೆಲ್ಲಬಹುದು. ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಸುಳಿವು ಮೂರು ಕೊಟ್ಟೆ. ಮುಳುಗಿ ಎದ್ದಾಗ ಅವನ ಗಾಯ ಮಾಯವಾಗಿತ್ತು, ಒಣ ನೆಲದಲ್ಲಿ ಏದುಸಿರು ಬಿಟ್ಟ, ಕುರಿ ಹಿಡಿದರೂ ನೀರಿಗೇ ಎಳೆದುಕೊಂಡು ಹೋಗಿ ತಿಂದ.

ಎಲ್ಲರಿಗಿಂತ ಮೊದಲು ಸಂದು ಕಂಡದ್ದು ತಮ್ಮನಿಗೆ. "ಬಕಾಸುರನಿಗೆ ಗಾಡಿ ಅನ್ನ ಕೊಟ್ಟ ಹಾಗೆ, ಮುದ್ದೆ ಹುರುಳಿಸಾರು ಏರಿ ಮೇಲೆ ಇಡೋಣ" ಅಂದ. ರಾಕ್ಷಸ ವಾಸನೆಗೆ ಹತ್ತಿ ಬಂದ. ಜಗಳ ಶುರುವಾಯಿತು. ನಾಲ್ಕನೇ ಸುತ್ತಿನಲ್ಲಿ ರಾಕ್ಷಸನಿಗೆ 6 ಪ್ರಾಣ ಉಳಿದಿತ್ತು, ಅವನು ನೀರಿನ ಕಡೆ ತಿರುಗಿದ. ತಮ್ಮನ ಕಳ್ಳನಿಗೆ ಉಳಿದದ್ದು 4. ಅವನು, "ನಾನು ಸೋಪಾನದ ಮೇಲೆ ನಿಲ್ತೀನಿ, ದಾರಿ ಬಿಡಲ್ಲ" ಅಂದ.

ನಾನು ಚೀಟಿ ತೆಗೆದೆ. 16. ಅದು 6 ಆಗಿದ್ದರೆ ಅಂತ ಮನಸ್ಸಿಗೆ ಬಂತು. ಆದರೆ ಪಕ್ಕದ ಮನೆ ಹುಡುಗ ಆಗಲೇ ಗಟ್ಟಿಯಾಗಿ ಓದಿಬಿಟ್ಟಿದ್ದ, ತಮ್ಮ ನನ್ನ ಮುಖವನ್ನೇ ನೋಡುತ್ತಿದ್ದ. ದಾಳ 5, ಕೂಡಿಸಿ 7. ಕಳ್ಳ ಸತ್ತ. ಮುಂದಿನ ಸರದಿ ಚಿಕ್ಕಪ್ಪನ ಮಗಳದು. ಚೀಟಿ 12, ದಾಳ 6. ಬಾಣ ತಾಗಿ ರಾಕ್ಷಸ ಏರಿ ಮೇಲೆಯೇ ಬಿದ್ದ.

ಎಲ್ಲರೂ ಕೂಗಿದರು, ತಮ್ಮ ಸುಮ್ಮನಿದ್ದ. ಎದ್ದು ಹೋಗುತ್ತಾನೇನೋ ಅಂತ ನನಗೆ ಹೆದರಿಕೆ. ಅವನು ಕೇಳಿದ, "ನಾನು ನಿಲ್ಲದೇ ಇದ್ದಿದ್ರೆ ನೀರಿಗೆ ಹೋಗ್ತಿದ್ನಾ?"

"ಹೋಗ್ತಿದ್ದ."

"5 ಪ್ರಾಣ ಬರ್ತಿತ್ತಾ?"

"ಬರ್ತಿತ್ತು. ಆ ಬಾಣಕ್ಕೆ ಸಾಯ್ತಿರಲಿಲ್ಲ."

"ಹಂಗಾದ್ರೆ ಗೆಲ್ಸಿದ್ದು ನಾನೇ" ಅಂದ. ಮಾರನೇ ದಿನ ಹಿತ್ತಲಿನಲ್ಲಿ ಒಂದು ಚಪ್ಪಡಿ ಕಲ್ಲು ನಿಲ್ಲಿಸಿ, ಇದ್ದಿಲಿನಲ್ಲಿ ಮನುಷ್ಯನ ಚಿತ್ರ ಬರೆದು, ಇದು ನನ್ನ ವೀರಗಲ್ಲು ಅಂದ. ನಮ್ಮ ಕೆರೆ ಏರಿ ಮೇಲೆ ನಿಜವಾದ ವೀರಗಲ್ಲು ಇದೆಯಲ್ಲ, ಅದನ್ನು ನೋಡಿ ಮಾಡಿದ್ದು. ಮಳೆಗೆ ಚಿತ್ರ ಹೋಯಿತು, ಕಲ್ಲು ಇದೆ.

ರಾಕ್ಷಸ ಮಾಡುವವರಿಗೆ ಉಪಯೋಗ ಆಗಲಿ ಅಂತ ನನ್ನ ಪುಸ್ತಕದಲ್ಲಿ ಬರೆದುಕೊಂಡದ್ದನ್ನು ಇಲ್ಲಿ ಕೊಟ್ಟಿದ್ದೇನೆ.

1. ರಾಕ್ಷಸ ಎಷ್ಟು ಸುತ್ತು ಬದುಕುತ್ತಾನೆ ಅಂತ ಮೊದಲೇ ಲೆಕ್ಕ ಹಾಕಿ. ನಾಲ್ಕು ಸುತ್ತು ಚೆನ್ನ.

2. ಎರಡೂ ಕಡೆಯ ಸರದಿ ಎಣಿಸಿ. ಒಬ್ಬನೇ ರಾಕ್ಷಸ ಇದ್ದರೆ ಹೆಚ್ಚು ಏಟು ಕೊಡಿ.

3. ಒಂದೇ ಏಟಿಗೆ ವೀರ ಸಾಯುವ ಹಾಗೆ ಇರಬಾರದು. ಒಂದು ಏಟು ತಿಂದು ಯೋಚನೆ ಮಾಡಲು ಸಮಯ ಬೇಕು.

4. ಒಂದು ಸಂದು ಇಡಿ, ಸುಳಿವು ಮೂರು ಕೊಡಿ.

5. ಸೋತು ಓಡಿಹೋಗಲು ದಾರಿ ಇರಲಿ.

6. ಚಿಕ್ಕವರು ಇದ್ದರೆ ರಾಕ್ಷಸನ ಬಲವನ್ನು ಆಟಕ್ಕೆ ಮೊದಲೇ ಕಡಿಮೆ ಮಾಡಿ. ಆಟದ ಮಧ್ಯೆ ಸುಳ್ಳು ಹೇಳಬೇಡಿ, ಅವರಿಗೆ ಗೊತ್ತಾಗುತ್ತದೆ.

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಹೊಂಗೆ ಮರದ ಕೆಳಗೆ ಆಡುತ್ತೇವೆ. ಯಾರು ಬೇಕಾದರೂ ಬರಬಹುದು, ಒಂದನೇ ತರಗತಿಯವರೂ ಬರಬಹುದು. ಎಲ್ಲರೂ ಲೆಕ್ಕಕ್ಕುಂಟು. ಲೂಡೋ ದಾಳ ಇದ್ದವರು ತನ್ನಿ, ನಮ್ಮದು ಚರಂಡಿಗೆ ಬಿದ್ದುಹೋಗಿದೆ.

— 7ನೇ ತರಗತಿ ವಿದ್ಯಾರ್ಥಿನಿ