ಕಿಕ್ಕರ್ ಹೊಡೆದು ಸೋತ ಬೆಳಿಗ್ಗೆ

ಈ ಸಲ ಅಡಿಕೆ ಬಗ್ಗೆ ಅಲ್ಲ, ಬೈಕಿನ ಬಗ್ಗೆ ಬರೀತೇನೆ. ಆದರೆ ಕಡೆಗೆ ಅಡಿಕೆಗೇ ಬಂದು ಮುಟ್ಟುತ್ತದೆ. ಸ್ವಲ್ಪ ಉದ್ದ ಉಂಟು, ಪುರುಸೊತ್ತಿನಲ್ಲಿ ಓದಿ.

ನಮ್ಮ ಮನೆ ಅತ್ತಾವರದಲ್ಲಿ, ತೋಟ ಕೊಣಾಜೆಯ ಆಚೆ ಗುಡ್ಡದ ಬುಡದಲ್ಲಿ. ನೇತ್ರಾವತಿ ಸಂಕ, ತೊಕ್ಕೊಟ್ಟು, ದೇರಳಕಟ್ಟೆ ದಾಟಿ ಹೋಗಬೇಕು. ಕೊನೆಯ ಅರ್ಧ ಕಿಲೋಮೀಟರು ಬರೀ ಮುರಕಲ್ಲಿನ ಏರು, ಮಳೆಗಾಲದಲ್ಲಿ ತೋಡಿನ ಹಾಗೆ ನೀರು ಹರಿಯುತ್ತದೆ. ಸ್ಕೂಟರ್ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಹಳೇ ಯಮಹಾ ಆರ್‌ಎಕ್ಸ್ 100 ಇಟ್ಟುಕೊಂಡಿದ್ದೇನೆ. 98 ಸಿಸಿ, ಟೂ ಸ್ಟ್ರೋಕ್, ಸೆಲ್ಫ್ ಇಲ್ಲ, ಕಿಕ್ಕರ್ ಮಾತ್ರ. 1996ಕ್ಕೇ ಅದು ಬರುವುದು ನಿಂತಿತು. ಅಣ್ಣನ ಮಗ ಅದಕ್ಕೆ ಬಟನ್ ಟಯರ್ ಹಾಕಿ, ಮಡ್‌ಗಾರ್ಡ್ ಎತ್ತರಿಸಿ, ಗುಡ್ಡ ಹತ್ತುವ ಡರ್ಟ್ ಬೈಕ್ ಮಾಡಿಕೊಟ್ಟಿದ್ದಾನೆ.

ಕಳೆದ ಆಟಿಯಲ್ಲಿ ಆದದ್ದು. ಎರಡನೇ ಮದ್ದಿಗೆ ಹೊತ್ತಾಗಿತ್ತು. ಮೊದಲನೇದು ಬಿಟ್ಟು 40-45 ದಿನಕ್ಕೆ ಎರಡನೇದು ಬೀಳಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ. ಮಳೆ ಬಿಡುತ್ತಿರಲಿಲ್ಲ. ಒಂದು ದಿನ ಬಿಸಿಲು ಕಂಡಿತು. ಮದ್ದು ಬಿಡುವ ಇಬ್ಬರು ಬೆಳಿಗ್ಗೆ ಏಳಕ್ಕೆ ತೋಟದಲ್ಲಿ ಇರ್ತೇವೆ ಅಂದರು. ಸುಣ್ಣ ತೋಟದಲ್ಲೇ ಇತ್ತು, ಮೈಲುತುತ್ತು ನನ್ನ ಹತ್ತಿರ ಅತ್ತಾವರದಲ್ಲಿ.

ಬೈಕ್ ಸ್ಟಾರ್ಟ್ ಆಗಲಿಲ್ಲ ಮಾರಾಯ್ರೇ. ಒಂದು ತಿಂಗಳಿಂದ ಬಸ್ಸಿನಲ್ಲೇ ಓಡಾಡಿದ್ದೆ, ಅದು ಜಗಲಿ ಬದಿಯಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲಿನಲ್ಲಿ ನಿಂತಿತ್ತು. ಚೋಕ್ ಎಳೆದು ಆಕ್ಸಿಲೇಟರ್ ಕೊಟ್ಟು ಕೊಟ್ಟು ಹೊಡೆದೆ. ಬಲಗಾಲು ನಡುಗುವವರೆಗೆ ಹೊಡೆದೆ. ಕಾರ್ಬುರೇಟರಿನ ಸ್ಕ್ರೂ ಒಮ್ಮೆ ಒಳಗೆ, ಒಮ್ಮೆ ಹೊರಗೆ ತಿರುಗಿಸಿದೆ. ಆಗಲೇ ರಿಕ್ಷಾ ಹಿಡಿದಿದ್ದರೆ ಕೆಲಸ ಆಗುತ್ತಿತ್ತು. ಹಠ ಬಿಡಲಿಲ್ಲ. ಒಂಬತ್ತೂವರೆಗೆ ಫೋನ್ ಬಂತು, "ಅಣ್ಣಾ, ನಾವು ಬೇರೆ ತೋಟಕ್ಕೆ ಹೋಗ್ತೇವೆ, ಅವರೂ ಕಾಯ್ತಿದ್ದಾರೆ" ಅಂತ. ಅವರದ್ದು ತಪ್ಪಲ್ಲ. ಬಿಸಿಲು ಎಲ್ಲರಿಗೂ ಅದೊಂದೇ ದಿನ. ಮತ್ತೆ ಅವರು ಸಿಕ್ಕಿದ್ದು ಹನ್ನೊಂದು ದಿನ ಕಳೆದು. ಅಷ್ಟರಲ್ಲಿ ತೋಡಿನ ಬದಿಯ ಎರಡು ಸಾಲಿನಲ್ಲಿ ಕೊಳೆರೋಗ ಹಿಡಿದು ಎಳೆ ಅಡಿಕೆ ಬುಡಕ್ಕೆ ಉದುರಿತ್ತು.

ಸಿಟ್ಟು ಬಂದದ್ದು ಅಣ್ಣನ ಮಗನ ಮೇಲೆ. "ನೀನು ಅದನ್ನು ರೇಸಿನ ಗಾಡಿ ಮಾಡಿ ಹಾಳು ಮಾಡಿದ್ದು" ಅಂತ ಫೋನಿನಲ್ಲೇ ಬೈದೆ. ಅವನು ಎದುರು ಮಾತಾಡಲಿಲ್ಲ. ಸಂಜೆ ಸ್ಪಾನರ್ ಹಿಡಿದುಕೊಂಡು ಬಂದ. ಸ್ಕ್ರೂ ಮುಟ್ಟಲೇ ಇಲ್ಲ. ಕಾರ್ಬುರೇಟರಿನ ಕೆಳಗಿನ ಬೌಲ್ ಬಿಚ್ಚಿ, ಅದರಲ್ಲಿ ಇದ್ದದ್ದನ್ನು ಗಾಜಿನ ಬಾಟಲಿಗೆ ಸುರಿದ. "ಚಿಕ್ಕಪ್ಪ, ಇದನ್ನೊಮ್ಮೆ ನೋಡಿ" ಅಂದ. ಮೇಲೆ ಪೆಟ್ರೋಲ್, ಕೆಳಗೆ ಬೇರೆಯೇ ಒಂದು ಪದರ. ನೀರು! ಬೌಲಿನ ತಳದಲ್ಲಿ ಬಿಳಿ ಹುಡಿ. ಟ್ಯಾಂಕಿನ ಮುಚ್ಚಳದ ರಬ್ಬರ್ ಒಡೆದಿತ್ತು. ಅದನ್ನು ನೋಡಬೇಕಾದವನು ನಾನು.

ಈಗ ಬರುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಉಂಟು. ಅದಕ್ಕೆ ನೀರು ಎಳೆದುಕೊಳ್ಳುವ ಗುಣ. ನೀರು ಒಂದು ಹದ ಮೀರಿದರೆ ಎಥನಾಲ್ ಮತ್ತು ನೀರು ಒಟ್ಟು ಸೇರಿ ಅಡಿಗೆ ಇಳಿಯುತ್ತದೆ. ಕಾರ್ಬುರೇಟರ್ ಎಳೆಯುವುದು ಅಡಿಯದ್ದನ್ನೇ. ನಮ್ಮ ಕರಾವಳಿಯ ತೇವದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದರೆ ಮತ್ತೆಂತ ಆಗುವುದು?

ಅವನು ಮಾಡಿದ ಕ್ರಮ ಬರೀತೇನೆ, ಉಪಯೋಗ ಆದೀತು.

ಮೊದಲು ಪ್ಲಗ್ ಬಿಚ್ಚಿ ನೋಡುವುದು. ಒದ್ದೆ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ಇಲ್ಲ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಕಿಡಿ ನೋಡುವಾಗ ಪೆಟ್ರೋಲಿನ ಪಾತ್ರೆ, ಬಟ್ಟೆ ಎಲ್ಲ ದೂರ ಇಡಿ, ಇದು ತಮಾಷೆ ಅಲ್ಲ. ಆಮೇಲೆ ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ತೆಗೆಯುವುದು. ಏರ್ ಫಿಲ್ಟರ್ ತೊಳೆದು ಒಣಗಿಸುವುದು. ಆಮೇಲೆ ಬೌಲ್, ಜೆಟ್. ಎರಡು ಜೆಟ್‌ನಲ್ಲಿ ಸಣ್ಣದು ಪೈಲಟ್ ಜೆಟ್. ಐಡ್ಲಿಂಗ್ ನಿಲ್ಲುವುದು ಅದರಿಂದ. ತೂತು ಕೂದಲಿನಷ್ಟು, ಹಳೇ ಪೆಟ್ರೋಲಿನ ಅಂಟು ಕೂತರೆ ಮುಚ್ಚುತ್ತದೆ. ಸೂಜಿ, ಕಬ್ಬಿಣದ ಸರಿಗೆ ಹಾಕಬೇಡಿ, ತೂತು ದೊಡ್ಡದಾದರೆ ಮತ್ತೆ ಸರಿಯಾಗುವುದಿಲ್ಲ. ಕ್ಲೀನರ್ ಹಾಕಿ ನೆನೆಸಿ, ಗಾಳಿ ಹೊಡೆಯಿರಿ. ಬೆಳಕಿಗೆ ಹಿಡಿದರೆ ಆಚೆ ಕಾಣಬೇಕು.

ಸ್ಕ್ರೂ ಕಡೆಗೆ. ಹೊಸ ಪೆಟ್ರೋಲ್ ಹಾಕಿ, ಮೂರು ನಾಲ್ಕು ಕಿಲೋಮೀಟರು ಓಡಿಸಿ ಎಂಜಿನ್ ಬಿಸಿ ಮಾಡಿ ಬಂದ. ಏರ್ ಸ್ಕ್ರೂವನ್ನು ಮೆಲ್ಲ ಕೂರುವವರೆಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಬಿಚ್ಚಿದ. ಐಡ್ಲಿಂಗ್ ಸ್ವಲ್ಪ ಏರಿಸಿ, ಏರ್ ಸ್ಕ್ರೂವನ್ನು ಕಾಲು ಕಾಲು ಸುತ್ತು ಆಚೀಚೆ ಮಾಡಿದ. ಶಬ್ದ ಎಲ್ಲಿ ಹೆಚ್ಚು ಏರಿ, ಒಂದೇ ಸಮ ನಿಲ್ಲುತ್ತದೋ ಅಲ್ಲಿ ಬಿಟ್ಟು, ಐಡ್ಲಿಂಗ್ ಇಳಿಸಿದ. ಈ ಗಾಡಿಯಲ್ಲಿ ಏರ್ ಸ್ಕ್ರೂ ಒಳಗೆ ಹೋದರೆ ಪೆಟ್ರೋಲ್ ಹೆಚ್ಚು, ಹೊರಗೆ ಬಂದರೆ ಗಾಳಿ ಹೆಚ್ಚು. ಕೆಲವು ಫೋರ್ ಸ್ಟ್ರೋಕ್‌ಗಳಲ್ಲಿ ತಿರುಗಾಮುರುಗಾ, ಕೇಳಿಕೊಂಡು ಮಾಡಿ.

ಇನ್ನೊಂದು ವಿಷಯ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಚೋಕ್ ಎಳೆದಾಗ ಆಕ್ಸಿಲೇಟರ್ ಕೊಡಬಾರದಂತೆ. ಎಂಜಿನ್ನಿನ ಎಳೆತದಿಂದಲೇ ಚೋಕಿನ ದಾರಿಯಲ್ಲಿ ಪೆಟ್ರೋಲ್ ಬರುವುದು. ಆಕ್ಸಿಲೇಟರ್ ತೆರೆದರೆ ಆ ಎಳೆತ ಹೋಯಿತು. ಮರುದಿನ ಬೆಳಿಗ್ಗೆ ಹಾಗೇ ಮಾಡಿದೆ, ಮೂರನೇ ಕಿಕ್ಕಿಗೆ ಹಿಡಿಯಿತು.

ಅವನು ಕೈ ತೊಳೆಯುವಾಗ "ಬೈದದ್ದು ನನ್ನ ತಪ್ಪು ಮಗಾ" ಅಂದೆ. "ಅಯ್ಯೋ ಬಿಡಿ ಚಿಕ್ಕಪ್ಪ, ಮುಚ್ಚಳದ ರಬ್ಬರ್ ನಾಳೆ ತರ್ತೇನೆ" ಅಂದ, ಅಷ್ಟೆ. ಅವನು ಹೋದ ಮೇಲೆ ಬಹಳ ಹೊತ್ತು ಅಲ್ಲೇ ಕೂತಿದ್ದೆ. ಅಡಿಕೆ ಹೋದದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

ಈಗ ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸುತ್ತೇನೆ. ಬೌಲ್ ಖಾಲಿಯಾಗುತ್ತದೆ. ಹುಲ್ಲು ಕತ್ತರಿಸುವ ಮೆಷಿನ್, ಮದ್ದಿನ ಪಂಪಿಗೂ ಇದೇ ಕ್ರಮ. ಟ್ಯಾಂಕ್ ಖಾಲಿ ಮಾಡಿ, ನಿಲ್ಲುವವರೆಗೆ ಓಡಿಸಿ, ಆಮೇಲೆ ಅಟ್ಟಕ್ಕೆ ಇಡಿ. ಮದ್ದು ಬಿಡುವ ಮುನ್ನಾ ದಿನ ಸಂಜೆಯೇ ಎಲ್ಲ ಒಮ್ಮೆ ಸ್ಟಾರ್ಟ್ ಮಾಡಿ ನೋಡಿ. ಆಗದಿದ್ದರೆ ಹಠ ಬೇಡ, ಮೈಲುತುತ್ತು ರಿಕ್ಷಾದಲ್ಲಿ ಹೋಗಲಿ.