ಕೈಯಳತೆಯ ಲೆಕ್ಕ

ಟೈಲರ್ ಅಂಗಡಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಿದ್ದೀರಾ? ಅಳತೆಯ ಟೇಪು ಸದಾ ಕೊರಳಲ್ಲೇ ಇರುತ್ತದೆ. ಸೀಮೆಸುಣ್ಣದ ತುಂಡು ಅಂಗಿಯ ಜೇಬಿನಲ್ಲಿ. ದೊಡ್ಡ ಕತ್ತರಿ ಮೇಜಿನ ಬಲತುದಿಯಲ್ಲಿ, ಹಿಡಿ ತನ್ನ ಕಡೆಗೆ ಇರುವಂತೆ. ಗುಂಡಿಗಳ ಡಬ್ಬ ಮಾತ್ರ ಹಿಂದಿನ ಕಪಾಟಿನಲ್ಲಿ. ಅದರ ಸರದಿ ಬರುವುದು ಕಟ್ಟಕಡೆಗೆ. ಬಟ್ಟೆಯ ಮೇಲಿಟ್ಟ ಕಣ್ಣನ್ನು ಕದಲಿಸದೆಯೇ ಕೈ ಹೋಗಿ ಕತ್ತರಿಯನ್ನು ಮುಟ್ಟುತ್ತದೆ. ಯಾವುದು ಎಲ್ಲಿರಬೇಕೆಂದು ಯಾರೂ ಅವರಿಗೆ ಪಾಠ ಹೇಳಿರುವುದಿಲ್ಲ. ವರ್ಷಗಟ್ಟಲೆ ಮಾಡಿದ ಕೆಲಸವೇ ಒಂದೊಂದನ್ನೂ ಅದರದರ ಜಾಗಕ್ಕೆ ತಂದು ಕೂರಿಸಿರುತ್ತದೆ.

ತಿಪಟೂರಿನ ಪೇಟೆಯಲ್ಲಿ ಅಂಥದೇ ಒಂದು ಸಣ್ಣ ಅಂಗಡಿ ಇಟ್ಟುಕೊಂಡಿರುವವರೊಬ್ಬರ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಚಿಕ್ಕಂದಿನಿಂದಲೂ ಅವಳಿಗೆ ಚಿತ್ರದ ಹುಚ್ಚು. ಪಿಯುಸಿ ಮುಗಿಸಿ ಮೈಸೂರಿನ ಕಾವಾ ಕಲಾ ಕಾಲೇಜಿಗೆ ಸೇರಬೇಕೆಂಬುದು ಅವಳ ಆಸೆ. ಬಿ.ಕಾಂ. ಮಾಡಿ ಒಂದು ಕೆಲಸ ಹಿಡಿಯಲಿ ಎಂಬುದು ಅಪ್ಪನ ಲೆಕ್ಕಾಚಾರ. ಈ ವಿಷಯದಲ್ಲಿ ಮನೆಯಲ್ಲಿ ಜಗಳವೇನೂ ಇರಲಿಲ್ಲ. ಆದರೆ ಚಿತ್ರದ ಮಾತು ಬಂದಾಗಲೆಲ್ಲ ಅಪ್ಪ ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದರು.

ಮನೆಯಲ್ಲಿರುವುದು ಒಂದೇ ಕಂಪ್ಯೂಟರ್, ಅದೂ ಯಾರೋ ಬಳಸಿ ಬಿಟ್ಟದ್ದು. ರಾತ್ರಿ 8ರ ನಂತರ ಅದು ಡಿಗ್ರಿ ಓದುವ ಅಣ್ಣನ ಪಾಲು. ಹುಡುಗಿಗೆ ಸಿಗುವುದು 7ರಿಂದ 8ರವರೆಗಿನ ಒಂದು ಗಂಟೆ. ಸೋದರಮಾವ ಕೊಡಿಸಿದ ಡ್ರಾಯಿಂಗ್ ಟ್ಯಾಬ್ಲೆಟ್ಟಿನ ಮೇಲೆ ಪೆನ್ ಆಡಿಸಿದರೆ ಪರದೆಯ ಮೇಲೆ ಗೆರೆ ಮೂಡುತ್ತದೆ. ತಂತ್ರಾಂಶ ಕ್ರಿತಾ. ಪ್ರಪಂಚದ ನಾನಾ ಕಡೆಯ ಸ್ವಯಂಸೇವಕರು ಸೇರಿ ಬೆಳೆಸಿರುವ ಇದನ್ನು ಯಾರು ಬೇಕಾದರೂ ಕಾಸಿಲ್ಲದೆ ಹಾಕಿಕೊಳ್ಳಬಹುದು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರುವ ಒಂದು ಕತೆಗೆ 8 ಚಿತ್ರ ಬರೆದುಕೊಡುತ್ತೇನೆಂದು ಅವಳು ಒಪ್ಪಿಕೊಂಡಿದ್ದಳು. ಕೈಯಲ್ಲಿದ್ದದ್ದು ಐದು ವಾರ. ಅಚ್ಚಾದ ಚಿತ್ರಗಳನ್ನು ಅಪ್ಪನ ಮುಂದಿಟ್ಟರೆ ಮಾತಿಗೆ ಒಂದು ದಾರಿಯಾದೀತು ಎಂಬ ಯೋಚನೆಯೂ ಇತ್ತು.

ಹತ್ತು ದಿನ ಕಳೆದರೂ ಒಂದು ಚಿತ್ರ ಮುಗಿಯಲಿಲ್ಲ. ಕೈ ಓಡುತ್ತಿಲ್ಲ ಎಂದು ಬೇಸರವಾಯಿತು. ಪರದೆಯ ಮೇಲ್ಭಾಗದಲ್ಲಿ ಚಿಹ್ನೆಗಳ ಸಾಲೊಂದು ಇರುತ್ತದಲ್ಲ, ಆ ಟೂಲ್‌ಬಾರನ್ನು ನಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು, ಆಗ ಕೆಲಸ ಬೇಗ ಸಾಗುತ್ತದೆ ಎಂದು ಗೆಳತಿ ಹೇಳಿದಳು. ಮಾತೇನೋ ನಿಜ. ‘ಸೆಟ್ಟಿಂಗ್ಸ್’ ಮೆನುವಿನಲ್ಲಿ ‘ಕಾನ್ಫಿಗರ್ ಟೂಲ್‌ಬಾರ್ಸ್’ ಒತ್ತಿದರೆ ಒಂದು ಕಿಟಕಿ ತೆರೆಯುತ್ತದೆ. ಎಡಕ್ಕೆ ಲಭ್ಯವಿರುವ ಆಜ್ಞೆಗಳ ಉದ್ದನೆಯ ಪಟ್ಟಿ. ಬಲಕ್ಕೆ ಈಗ ಟೂಲ್‌ಬಾರಿನಲ್ಲಿರುವವು. ನಡುವಿನ ಬಾಣ ಒತ್ತಿ ಬೇಕಾದ್ದನ್ನು ಸೇರಿಸಬಹುದು, ಬೇಡವಾದ್ದನ್ನು ತೆಗೆಯಬಹುದು.

ಹುಡುಗಿ ಸೇರಿಸುತ್ತಲೇ ಹೋದಳು. ಯಾವುದೂ ಕೈ ತಪ್ಪಬಾರದೆಂದು ಮೂವತ್ತೆಂಟು ಚಿಹ್ನೆಗಳನ್ನು ತುಂಬಿದಳು. ಸಾಲಿನಲ್ಲಿ ಜಾಗ ಸಾಲದೆ ಉಳಿದವು ತುದಿಯ ಪುಟ್ಟ ಬಾಣದ ಹಿಂದೆ ಅಡಗಿಕೊಂಡವು. ಮರುದಿನ ಕ್ರಮ ಸರಿಯಿಲ್ಲವೆನಿಸಿ ಬದಲಿಸಿದಳು. ಅದರ ಮರುದಿನ ಇನ್ನೊಮ್ಮೆ. ಆರು ಸಂಜೆಗಳು ಹೀಗೇ ಹೋದವು. ಟೂಲ್‌ಬಾರ್ ಜಾತ್ರೆಯ ಅಂಗಡಿಸಾಲಿನಂತಾಯಿತು; ಚಿತ್ರ ಮಾತ್ರ ಇದ್ದಲ್ಲೇ ಇತ್ತು.

ಮಂಗಳವಾರ ಅಂಗಡಿಗೆ ರಜೆ. ಆ ದಿನ ಅಪ್ಪ ಅವಳ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತರು. ಕಂಪ್ಯೂಟರನ್ನು ಅವರು ಮುಟ್ಟಿದವರಲ್ಲ. ಸ್ವಲ್ಪ ಹೊತ್ತು ನೋಡಿ, ಜೇಬಿನ ಸೀಮೆಸುಣ್ಣ ತೆಗೆದು ಒಂದು ಕಪ್ಪು ರಟ್ಟಿನ ಮೇಲೆ ಗೀಟು ಹಾಕತೊಡಗಿದರು. ಅರ್ಧ ಗಂಟೆಯಾದ ಮೇಲೆ ರಟ್ಟನ್ನು ಮಗಳ ಮುಂದಿಟ್ಟರು.

“ಚಿತ್ರ ಬಿಟ್ಟು ಎಷ್ಟು ಸಲ ಆಚೆ ಹೋಗಿ ಬಂದೆ ಗೊತ್ತೇನಮ್ಮ? ನೂರಾ ಇಪ್ಪತ್ತೆಂಟು ಸಲ.”

“ಅದೆಲ್ಲ ಬೇಕಲ್ಲಪ್ಪ, ಅದಿಲ್ದೆ ಬರೆಯಕ್ಕಾಗಲ್ಲ.”

“ಬೇಡ ಅಂದವರು ಯಾರು? ಯಾವುದಕ್ಕೆ ಎಷ್ಟು ಸಲ ಹೋದೆ, ಅದನ್ನ ನೀನೇ ಬಿಡಿಸಿ ಬರಿ. ಒಂದೊಂದು ಸಲಕ್ಕೂ ಎದ್ದು ಕಪಾಟಿಗೆ ಹೋಗಿ ಕತ್ತರಿ ತರೋದಾಗಿದ್ರೆ ನಾನು ದಿನಕ್ಕೊಂದು ಜೇಬೂ ಹೊಲೀತಿರಲಿಲ್ಲ.”

ಮಾರನೆಯ ದಿನ ಅವಳು ಹಾಗೆಯೇ ಎಣಿಸಿದಳು. ಅರ್ಧ ಗಂಟೆಯಲ್ಲಿ ರಬ್ಬರಿಗೆ 38 ಸಲ, ಕುಂಚದ ಗಾತ್ರ ಬದಲಿಸಲು 29 ಸಲ, ಬಣ್ಣಕ್ಕೆ 26 ಸಲ, ತಪ್ಪನ್ನು ಹಿಂದೆಗೆಯಲು 20 ಸಲ. ಹೊಸ ಪದರಕ್ಕೆ 9. ಉಳಿದದ್ದೆಲ್ಲ ಸೇರಿ 6. ತಾನು ಆಸೆಯಿಂದ ತುಂಬಿದ ಮೂವತ್ತೆಂಟು ಚಿಹ್ನೆಗಳಲ್ಲಿ ಮೂವತ್ತರ ಗೊಡವೆಗೇ ಅವಳ ಕೈ ಹೋಗಿರಲಿಲ್ಲ!

ಒಮ್ಮೆ ಹೋಗಿ ಬರಲು 2 ಸೆಕೆಂಡೆಂದು ಹಿಡಿದರೂ 128 ಸಲಕ್ಕೆ 256 ಸೆಕೆಂಡು, ಎಂದರೆ 4 ನಿಮಿಷಕ್ಕೂ ಹೆಚ್ಚು. ಗಂಟೆಗೆ ಎಂಟೂವರೆ ನಿಮಿಷ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಪ್ರತಿ ಸಲವೂ ಕಣ್ಣು ಚಿತ್ರವನ್ನು ಬಿಟ್ಟು ಹೋಗುತ್ತದೆ. ಮರಳಿ ಬಂದಾಗ ಎಳೆಯಬೇಕೆಂದಿದ್ದ ಗೆರೆ ಯಾವುದೆಂದು ನೆನಪಿಸಿಕೊಳ್ಳಬೇಕಾಗುತ್ತದೆ.

ಆ ತಂದೆ ರಟ್ಟಿನ ಮೇಲೆ ಮಾಡಿದ ಕೆಲಸಕ್ಕೆ ದೊಡ್ಡ ಪರಂಪರೆಯೇ ಇದೆ. ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ 17ನೆಯ ವಯಸ್ಸಿನಲ್ಲಿ, 1885ರಲ್ಲಿ, ಗಾರೆ ಕೆಲಸ ಕಲಿಯಲು ಸೇರಿದ. ಒಬ್ಬೊಬ್ಬ ಮೇಸ್ತ್ರಿ ಒಂದೊಂದು ಬಗೆಯಲ್ಲಿ ಇಟ್ಟಿಗೆ ಇಡುವುದು ಅವನ ಕಣ್ಣಿಗೆ ಬಿತ್ತು. ಒಂದು ಇಟ್ಟಿಗೆ ಇಡಲು ದೇಹ ಎಷ್ಟು ಸಲ ಅಲುಗುತ್ತದೆಂದು ಎಣಿಸಿ, ಬೇಡದ್ದನ್ನು ಕಳೆದು, 18 ಚಲನೆಗಳನ್ನು ಐದಕ್ಕೆ ಇಳಿಸಿದ. ಇಟ್ಟಿಗೆಗಾಗಿ ನೆಲಕ್ಕೆ ಬಗ್ಗುವುದನ್ನು ತಪ್ಪಿಸಲು ಸೊಂಟದೆತ್ತರಕ್ಕೆ ಏರಿಸಬಲ್ಲ ಅಟ್ಟಣಿಗೆ ಮಾಡಿಸಿದ. ಗಂಟೆಗೆ 120 ಇಟ್ಟಿಗೆ ಇಡುತ್ತಿದ್ದವರು 350 ಇಡುವಂತಾಯಿತೆಂದು ಫ್ರೆಡರಿಕ್ ಟೇಲರ್ 1911ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಗಿಲ್‌ಬ್ರೆತ್‌ನ ಪತ್ನಿ ಲಿಲಿಯನ್ ಮನೋವಿಜ್ಞಾನಿ, ಹನ್ನೆರಡು ಮಕ್ಕಳ ತಾಯಿ. 1924ರಲ್ಲಿ ಗಂಡ ತೀರಿಕೊಂಡ ಮೇಲೆ ಆಕೆ ಇದೇ ಲೆಕ್ಕವನ್ನು ಅಡುಗೆಮನೆಗೆ ತಂದರು. ನಮ್ಮ ಮನೆಗಳಲ್ಲಿ ಸಾಸಿವೆ, ಅರಿಸಿನ, ಮೆಣಸಿನಪುಡಿ ಒಂದೇ ಡಬ್ಬಿಯಲ್ಲಿ ಒಲೆಯ ಪಕ್ಕದಲ್ಲಿರುವುದರ ಹಿಂದೆಯೂ ಇದೇ ಬುದ್ಧಿ ಇದೆ, ಅಲ್ಲವೆ?

ಕೈಯ ಓಟಕ್ಕೆ ಒಂದು ಸೂತ್ರವನ್ನು ಕೊಟ್ಟವನು ಪಾಲ್ ಫಿಟ್ಸ್ ಎಂಬ ಅಮೆರಿಕದ ಮನೋವಿಜ್ಞಾನಿ, 1954ರಲ್ಲಿ. ಎರಡು ಲೋಹದ ಪಟ್ಟಿಗಳನ್ನು ಕಡ್ಡಿಯಿಂದ ಒಂದಾದ ಮೇಲೊಂದರಂತೆ ಬೇಗಬೇಗ ಮುಟ್ಟುವಂತೆ ಹೇಳಿ ಕಾಲವನ್ನು ಅಳೆದ. ಗುರಿ ದೂರವಾದಷ್ಟೂ, ಕಿರಿದಾದಷ್ಟೂ ಕೈಗೆ ಹೆಚ್ಚು ಹೊತ್ತು ಬೇಕು. ಇದನ್ನು ವಿದ್ಯಾರ್ಥಿಗಳು ಮನೆಯಲ್ಲೇ ಪರೀಕ್ಷಿಸಬಹುದು. ಕಾಗದದ ಮೇಲೆ 2 ಸೆಂ.ಮೀ. ಅಗಲದ ಎರಡು ಪಟ್ಟಿಗಳನ್ನು ಎಳೆಯಿರಿ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 10 ಸೆಂ.ಮೀ. ಇರಲಿ. ಪೆನ್ಸಿಲ್ ತುದಿಯಿಂದ ಅವನ್ನು ಒಂದಾದ ಮೇಲೊಂದರಂತೆ 20 ಸಲ ಮುಟ್ಟಲು ಎಷ್ಟು ಸೆಕೆಂಡಾಯಿತು ನೋಡಿ. ಅದೇ ಪಟ್ಟಿಗಳನ್ನು 20 ಸೆಂ.ಮೀ. ದೂರವಿಟ್ಟರೆ ಕಾಲ ಏರುತ್ತದೆ. ಈಗ ದೂರವನ್ನು ಹಾಗೇ ಬಿಟ್ಟು ಅಗಲವನ್ನು 4 ಸೆಂ.ಮೀ. ಮಾಡಿ. ಕಾಲ ಮತ್ತೆ ಮೊದಲಿನದರ ಹತ್ತಿರಕ್ಕೆ ಇಳಿಯುತ್ತದೆ!

ಇನ್ನು, ಮೂವತ್ತೆಂಟು ಚಿಹ್ನೆಗಳು ಅವಳನ್ನು ನಿಧಾನಗೊಳಿಸಿದ್ದೇಕೆ? ಅದಕ್ಕೆ ಉತ್ತರ ಬ್ರಿಟನ್ನಿನ ವಿಲಿಯಂ ಹಿಕ್ 1952ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿದೆ. ಎದುರಿಗಿರುವ ಆಯ್ಕೆಗಳು ಹೆಚ್ಚಿದಂತೆ ಯಾವುದೆಂದು ನಿರ್ಧರಿಸಲು ಮಿದುಳಿಗೆ ಹೆಚ್ಚು ಹೊತ್ತು ಬೇಕು. ಹತ್ತಿರಕ್ಕೆ ತಂದದ್ದೆಲ್ಲ ಕೈಗೆ ಸಿಕ್ಕಂತೆ ಅಲ್ಲ. ಬೇಡದ ಚಿಹ್ನೆಯೂ ಕಣ್ಣಿನಿಂದ ತನ್ನ ಪಾಲಿನ ಸುಂಕವನ್ನು ವಸೂಲು ಮಾಡಿಯೇ ತೀರುತ್ತದೆ.

ಹಾಗಾದರೆ ತಂತ್ರಾಂಶ ಮಾಡಿದವರಿಗೆ ಇದು ಗೊತ್ತಿಲ್ಲವೆ? ಗೊತ್ತಿದೆ. ಆದರೆ ಅವರು ಎಲ್ಲರಿಗೂ ಹೊಂದುವಂಥ ಒಂದು ಏರ್ಪಾಡನ್ನು ಕೊಡಬೇಕು. 1984ರಲ್ಲಿ ಆ್ಯಪಲ್ ಕಂಪನಿಯ ಮೆಕಿಂತೋಷ್‌ಗಾಗಿ ಬಿಲ್ ಆಟ್ಕಿನ್ಸನ್ ಬರೆದ ಮ್ಯಾಕ್‌ಪೇಂಟ್‌ನಲ್ಲಿ ಉಪಕರಣಗಳ ಚಿಹ್ನೆಗಳು ಪರದೆಯ ಎಡಬದಿಯಲ್ಲಿದ್ದವು. 1990ರಲ್ಲಿ ಬಂದ ಫೋಟೋಶಾಪ್‌ನಲ್ಲೂ ಅಲ್ಲೇ. ಕ್ರಿತಾದಲ್ಲೂ ಅಲ್ಲೇ. ಮಗಳು ಇದನ್ನು ವಿವರಿಸಿದಾಗ ಅಪ್ಪ ಒಂದೇ ಮಾತಿನಲ್ಲಿ ಹೇಳಿದರು: “ರೆಡಿಮೇಡ್ ಅಂಗಿ ಅನ್ನು. ಎಲ್ಲರಿಗೂ ಆಗುತ್ತೆ, ಯಾರಿಗೂ ಸರಿಯಾಗಿ ಕೂರಲ್ಲ.”

ಆಮೇಲೆ ಅವಳು ಅಂಗಡಿಯ ಮೇಜಿನಂತೆಯೇ ಎಲ್ಲವನ್ನೂ ವಿಂಗಡಿಸಿದಳು. ಕೊರಳಲ್ಲಿರಬೇಕಾದ್ದು, ಮೇಜಿನ ಮೇಲಿರಬೇಕಾದ್ದು, ಕಪಾಟಿನಲ್ಲಿದ್ದರೆ ಸಾಕಾದ್ದು.

ಅತಿ ಹೆಚ್ಚು ಬೇಕಾದವು ಕೀಲಿಮಣೆಗೆ ಹೋದವು. ಕ್ರಿತಾದಲ್ಲಿ ‘ಇ’ ಕೀಲಿ ಒತ್ತಿದರೆ ಕೈಯಲ್ಲಿರುವ ಕುಂಚವೇ ರಬ್ಬರಾಗುತ್ತದೆ. ಮತ್ತೊಮ್ಮೆ ಒತ್ತಿದರೆ ಮತ್ತೆ ಕುಂಚ. ‘ಶಿಫ್ಟ್’ ಹಿಡಿದು ಪೆನ್ನನ್ನು ಪಕ್ಕಕ್ಕೆ ಎಳೆದರೆ ಕುಂಚದ ಗಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ‘ಕಂಟ್ರೋಲ್’ ಹಿಡಿದು ಚಿತ್ರದ ಒಂದು ಜಾಗವನ್ನು ಮುಟ್ಟಿದರೆ ಅಲ್ಲಿನ ಬಣ್ಣ ಕುಂಚಕ್ಕೆ ಬರುತ್ತದೆ. ‘ಕಂಟ್ರೋಲ್’ ಜತೆ ‘ಜೆಡ್’ ಒತ್ತಿದರೆ ಕಡೆಯ ಗೆರೆ ಅಳಿಯುತ್ತದೆ. ಈ ಕೀಲಿಗಳೆಲ್ಲ ಕೀಲಿಮಣೆಯ ಎಡಗಡೆಯೇ ಇರುವುದನ್ನು ಗಮನಿಸಿ. ಬಲಗೈ ಪೆನ್ ಹಿಡಿದಿರುವಾಗ ಎಡಗೈ ನೋಡದೆಯೇ ಇವನ್ನು ಮುಟ್ಟಬಹುದು. ಟೇಪು ಕೊರಳಿಗೆ ಬಂದಂತಾಯಿತು.

ಕುಂಚಗಳಿಗೆ ಬೇರೆ ವ್ಯವಸ್ಥೆ. ಪೆನ್ನಿನ ಬದಿಯ ಗುಂಡಿಗೆ ಮೌಸಿನ ಬಲಗುಂಡಿಯ ಕೆಲಸ ಕೊಟ್ಟುಕೊಂಡಿದ್ದಾಳೆ. ಅದನ್ನು ಒತ್ತಿದರೆ ಪೆನ್ ಇರುವಲ್ಲಿಯೇ ಒಂದು ಬಣ್ಣದ ಚಕ್ರ, ಅದರ ಸುತ್ತ ಕುಂಚಗಳು ಅರಳಿಕೊಳ್ಳುತ್ತವೆ. ಯಾವ ಕುಂಚವೂ ಬೆರಳಗಲಕ್ಕಿಂತ ಹೆಚ್ಚು ದೂರವಿಲ್ಲ. ನೂರಾರು ಕುಂಚಗಳಲ್ಲಿ ತಾನು ನಿಜವಾಗಿ ಬಳಸುವ ಐದನ್ನೇ ಒಂದು ಹೆಸರಿನಡಿ ಗುಂಪು ಮಾಡಿ ಅಲ್ಲಿ ಕೂರಿಸಿದಳು.

ಮೇಲಿನ ಟೂಲ್‌ಬಾರಿನಲ್ಲಿ ಉಳಿದದ್ದು ಆರೇ ಚಿಹ್ನೆ. ಹೊಸ ಪದರ, ಬಣ್ಣ ತುಂಬುವುದು, ಚಿತ್ರವನ್ನು ಎಡಬಲ ತಿರುಗಿಸುವುದು, ಉಳಿಸುವುದು ಮುಂತಾದ ನಡುವಣ ಕೆಲಸಗಳು. ನಡುನಡುವೆ ಅಡ್ಡಗೆರೆ ಹಾಕಿ ಜೋಡಿ ಜೋಡಿಯಾಗಿ ಬಿಡಿಸಿದ್ದರಿಂದ ಕಣ್ಣು ತಡವರಿಸುವುದಿಲ್ಲ. ಬಾಕಿಯವು ಮೆನುವಿನಲ್ಲೇ ಇರಲಿ ಎಂದು ಬಿಟ್ಟಳು. ಅದು ಗುಂಡಿ ಡಬ್ಬದ ಕಪಾಟು.

ಬದಲಿಸಿದ ಮೊದಲ ಮೂರು ದಿನ ಕೆಲಸ ಇನ್ನೂ ನಿಧಾನವಾಯಿತು. ಅಭ್ಯಾಸವಾದ ಕೈ ಹಳೆಯ ಜಾಗಕ್ಕೇ ಓಡುತ್ತಿತ್ತು. ಅಪ್ಪ ಹಾಕಿದ ಷರತ್ತು ಒಂದೇ: “ಇನ್ನು ಹದಿನೈದು ದಿನ ಯಾವುದನ್ನೂ ಕದಲಿಸಬೇಡ.” ಜಾಗ ದಿನಕ್ಕೊಂದು ಸಲ ಬದಲಾದರೆ ಕೈ ಕಲಿಯುವುದಾದರೂ ಯಾವುದನ್ನು? ನಾಲ್ಕನೆಯ ದಿನ ಎಡಗೈ ತಾನಾಗಿಯೇ ‘ಇ’ ಒತ್ತಿತು. ಆ ವಾರದ ಕೊನೆಗೆ ಮೊದಲ ಚಿತ್ರ ಮುಗಿಯಿತು.

ಒಂದು ವಿವೇಕದ ಕೆಲಸವನ್ನೂ ಅವಳು ಮಾಡಿದ್ದಳು. ತಂತ್ರಾಂಶದ ಜತೆಗೇ ಬಂದ ಕೀಲಿಗಳ ಅರ್ಥವನ್ನು ಬದಲಿಸಲು ಹೋಗಲಿಲ್ಲ, ಇದ್ದವನ್ನೇ ಕಲಿತಳು. ಹೀಗಾಗಿ ಗೆಳತಿಯ ಮನೆಯ ಕಂಪ್ಯೂಟರಿನಲ್ಲೂ ಅವಳ ಎಡಗೈಗೆ ದಾರಿ ತಪ್ಪುವುದಿಲ್ಲ. ಎಲ್ಲವನ್ನೂ ತನ್ನ ಇಷ್ಟಕ್ಕೇ ತಿರುಗಿಸಿಕೊಂಡವರು ಬೇರೆ ಕಡೆ ಕುಳಿತಾಗ ಹೊಸಬರಂತೆ ತಡಕಾಡಬೇಕಾಗುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ್ದು ಕ್ರಿತಾವನ್ನಷ್ಟೇ ಅಲ್ಲ. ಓದುವ ಮೇಜನ್ನು ಅಲಂಕರಿಸುವುದರಲ್ಲಿ, ವೇಳಾಪಟ್ಟಿಗೆ ಬಣ್ಣ ಹಚ್ಚುವುದರಲ್ಲಿ ಓದಿನ ಹೊತ್ತು ಜಾರಿಹೋಗುವುದು ಎಲ್ಲ ಮನೆಯಲ್ಲೂ ಉಂಟು. ಅಣಿ ಮಾಡಿಕೊಳ್ಳುವುದೂ ಕೆಲಸದಂತೆಯೇ ಕಾಣುವುದರಿಂದ ಮೋಸ ತಿಳಿಯುವುದಿಲ್ಲ. ಮೊದಲು ಕೆಲಸ ಮಾಡಿ, ಕೈ ಎಲ್ಲಿಗೆ ಹೆಚ್ಚು ಹೋಗುತ್ತದೆಂದು ಎಣಿಸಿ, ಆಮೇಲೆ ಜೋಡಿಸಿ. ಪೋಷಕರಿಗೂ ಒಂದು ಮಾತು. ಮಕ್ಕಳು ಪರದೆಯ ಮುಂದೆ ಏನು ಮಾಡುತ್ತಾರೋ ತಮಗೆ ತಿಳಿಯದು ಎಂದು ಎದ್ದು ಹೋಗುವವರೇ ಹೆಚ್ಚು. ಯಂತ್ರ ಹೊಸದಿರಬಹುದು, ಕೈಕೆಲಸ ಹಳೆಯದೇ. ಅರ್ಧ ಗಂಟೆ ಪಕ್ಕದಲ್ಲಿ ಕುಳಿತರೆ ಹೇಳಿಕೊಡಲು ನಿಮ್ಮ ಬಳಿಯೂ ಏನಾದರೂ ಇದ್ದೀತು.

ಸಂಚಿಕೆಗೆ ಎಂಟು ಚಿತ್ರ ಆಗಲಿಲ್ಲ, ಆರೇ ಆದವು. ಅಚ್ಚಾಗಿ ಬಂದದ್ದನ್ನು ಅಪ್ಪ ಕನ್ನಡಕ ಏರಿಸಿಕೊಂಡು ಒಂದೊಂದಾಗಿ ನೋಡಿದರು. ಐದನೆಯದರಲ್ಲಿ ಕತೆಯ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದಾರೆ.

“ಗಂಡಸರ ಅಂಗಿಗೆ ಕಾಜ ಎಡಗಡೆ, ಗುಂಡಿ ಬಲಗಡೆ. ಇದರಲ್ಲಿ ಉಲ್ಟಾ ಆಗಿದೆಯಲ್ಲಮ್ಮ?”

ಹುಡುಗಿ ತುಟಿ ಕಚ್ಚಿಕೊಂಡಳು. ಕಡೆಗಳಿಗೆಯಲ್ಲಿ ಚಿತ್ರವನ್ನು ಎಡಬಲ ತಿರುಗಿಸಿದ್ದು ನೆನಪಾಯಿತು. ಆ ಚಿಹ್ನೆ ಟೂಲ್‌ಬಾರಿನಲ್ಲಿ ಕೈಗೆ ಅಷ್ಟು ಹತ್ತಿರ ಇತ್ತು!

ಕಾವಾ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಆದರೆ ಚಿತ್ರದ ಮಾತು ಬಂದಾಗ ಅಪ್ಪ ಈಗ ಎದ್ದು ಅಂಗಳಕ್ಕೆ ಹೋಗುವುದಿಲ್ಲ. ಸೀಮೆಸುಣ್ಣದ ಗೀಟುಗಳಿದ್ದ ಆ ಕಪ್ಪು ರಟ್ಟು ಕಂಪ್ಯೂಟರಿನ ಪಕ್ಕದ ಗೋಡೆಯ ಮೇಲೆ ಹಾಗೆಯೇ ಇದೆ. ಅಂದಹಾಗೆ, ‘ಕ್ರಿತಾ’ ಎಂಬ ಸ್ವೀಡಿಷ್ ಪದದ ಅರ್ಥವೂ ಸೀಮೆಸುಣ್ಣವೇ.